ಎಡಗಡೆ ಲೈಟು ಗುಲಾಬಿಗೆ ತಿರುಗಿದಾಗ

ಡಿಸೆಂಬರ್ ಕೊನೆಯ ಶನಿವಾರ. ಆಫೀಸ್ ಮುಗಿಸಿ ತುಮಕೂರು ಬಿಡುವಾಗಲೇ ಏಳೂವರೆ ಆಗಿತ್ತು. ಕೊರಟಗೆರೆ ದಾಟಿ ಮಧುಗಿರಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿದ್ದೆ ಅಷ್ಟೆ, ಎಡಗಡೆ ಹೆಡ್‌ಲೈಟ್ ಪಕ್ಕನೆ ಆರಿಹೋಯಿತು. ಅರ್ಧ ರಸ್ತೆ ಕತ್ತಲು. ಆ ಕತ್ತಲ ಕಡೆಯೇ ಯಾರೋ ಒಕ್ಕಿದ ರಾಗಿ ಗುಡ್ಡೆ ಹಾಕಿ, ಟಾರ್ಪಾಲ್ ಹೊದಿಸಿ, ಸುತ್ತ ಗುಂಡುಕಲ್ಲು ಇಟ್ಟಿದ್ದರು. ಕಲ್ಲು ಕಂಡಿದ್ದು ತೀರಾ ಹತ್ತಿರ ಬಂದ ಮೇಲೆ. ಬ್ರೇಕ್ ಒತ್ತಿ ನಿಂತಾಗ ಬಂಪರಿಗೂ ಕಲ್ಲಿಗೂ ಮಧ್ಯೆ ಒಂದು ಮೊಳ ಜಾಗ ಇತ್ತು. ಕೈ ನಡುಗುತ್ತಿತ್ತು. ಲೈಟ್ ಆಫ್ ಮಾಡಿ ಮತ್ತೆ ಹಾಕಿದೆ. ಹತ್ತಿತು. ಐದಾರು ನಿಮಿಷಕ್ಕೆ ಮತ್ತೆ ಆರಿತು. ಹೀಗೇ ಹಾಕುತ್ತಾ ಆರಿಸುತ್ತಾ ಊರು ಸೇರಿದೆ.

ನಂದು ಅಣ್ಣ ಓಡಿಸಿ ಕೊಟ್ಟ 2011ರ ಸೆಡಾನ್. ಕಂಪನಿಯಿಂದಲೇ ಝೆನಾನ್ ಲೈಟ್ ಬಂದಿರುವ ಗಾಡಿ. ಎರಡು ತಿಂಗಳಿಂದ ಎಡಗಡೆ ಲೈಟಿನ ಬಣ್ಣ ನಿಧಾನಕ್ಕೆ ಗುಲಾಬಿಗೆ ತಿರುಗಿತ್ತು. ಜಗಲಿ ಮೇಲೆ ಕೂತ ಅಮ್ಮ ನಾನು ಕೆರೆ ಏರಿ ಮೇಲೆ ಬರುವಾಗಲೇ ಗುರುತು ಹಿಡಿಯುತ್ತಿದ್ದಳು. "ಒಂದು ಕಣ್ಣು ಕೆಂಪಗಿರೋದು ನಿನ್ ಗಾಡೀನೇ ಅಲ್ವಾ" ಅನ್ನುತ್ತಿದ್ದಳು. ಬಲ್ಬಿನ ಆಯಸ್ಸು ಮುಗಿಯುತ್ತಾ ಬಂದಾಗ ಬಣ್ಣ ಹೀಗೆ ತಿರುಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ನಿಮ್ಮ ಗಾಡಿಯಲ್ಲೂ ಒಂದು ಲೈಟು ಹೀಗೆ ಕಂಡರೆ ಅವತ್ತೇ ಹೊಸ ಬಲ್ಬ್ ಹುಡುಕಿ.

ಸೋಮವಾರ ಬಿ.ಎಚ್. ರಸ್ತೆಯ ಹತ್ತಿರ ನನಗೆ ಪರಿಚಯದ ಎಲೆಕ್ಟ್ರಿಷಿಯನ್ ಅಣ್ಣನ ಶೆಡ್ಡಿಗೆ ಹೋದೆ. "ಹೊಸ ಬಲ್ಬ್ ಆಮೇಲೆ ತಗೊಳ್ಳಿ ಮೇಡಂ, ಮೊದಲು ಅದಲು ಬದಲು ಮಾಡಿ ನೋಡೋಣ" ಅಂದರು. ಬಲಗಡೆ ಬಲ್ಬನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿ ಲೈಟ್ ಹೊತ್ತಿಸಿದರು. ಎದುರಿನ ಗೋಡೆ ಮೇಲೆ ಗುಲಾಬಿ ಬೆಳಕು ಈಗ ಬಲಗಡೆ ಬಿತ್ತು. ಸ್ವಲ್ಪ ಹೊತ್ತಿಗೆ ಬಲಗಡೆಯೇ ಆರಿತು. ತೊಂದರೆ ಬಲ್ಬಿನ ಜೊತೆ ಜಾಗ ಬದಲಾಯಿಸಿದರೆ ಬಲ್ಬೇ ಕೆಟ್ಟಿದೆ ಅಂತ ಅರ್ಥ. ಇದ್ದ ಕಡೆಯೇ ಉಳಿದಿದ್ದರೆ ಬ್ಯಾಲೆಸ್ಟ್, ಅಂದರೆ ಬಲ್ಬಿಗೆ ಬೇಕಾದ ಹಾಗೆ ಕರೆಂಟ್ ಕೊಡುವ ಡಬ್ಬಿ, ಇಲ್ಲವೇ ವೈರಿಂಗ್ ನೋಡಬೇಕಿತ್ತು. ಬ್ಯಾಲೆಸ್ಟ್ ಬಲ್ಬಿಗಿಂತ ಎಷ್ಟೋ ದುಬಾರಿ. ಈ ಹತ್ತು ನಿಮಿಷದ ಕೆಲಸ ಮಾಡದೆ ಯಾರೂ ದುಡ್ಡು ಬಿಚ್ಚಬೇಡಿ.

ತೆಗೆದ ಬಲ್ಬನ್ನು ನನ್ನ ಕೈಗೆ ಕೊಟ್ಟರು. ಹಿಂದೆ ಚೌಕದ ಲೋಹದ ಡಬ್ಬಿ. ಮುಂದೆ ಗಾಜಿನ ಕೊಳವೆ, ಅದರೊಳಗೆ ಕಾಳಿನಷ್ಟು ದಪ್ಪದ ಇನ್ನೊಂದು ಪುಟ್ಟ ಉಬ್ಬು. ಆ ಉಬ್ಬಿನೊಳಗೆ ಹಳದಿ ಪುಡಿ ಅಂಟಿಕೊಂಡಿತ್ತು. ಹ್ಯಾಲೊಜೆನ್ ಬಲ್ಬಿನ ಹಾಗೆ ಇದರಲ್ಲಿ ಕಾಯುವ ತಂತಿ ಇಲ್ಲ. ಎರಡು ತುದಿಗಳ ನಡುವೆ ಸುಮಾರು 4 ಮಿಲಿಮೀಟರ್ ಜಾಗ, ಅದರಲ್ಲಿ 20 ಸಾವಿರ ವೋಲ್ಟಿಗೂ ಜಾಸ್ತಿ ಹಾಯಿಸಿ ಕಿಡಿ ಹಾರಿಸುತ್ತಾರೆ. ಝೆನಾನ್ ಅನಿಲ ತಕ್ಷಣ ಬೆಳಗುತ್ತದೆ, ಆಮೇಲೆ ಆ ಪುಡಿ, ಅಂದರೆ ಲವಣಗಳು, ಆವಿಯಾಗಿ ಪೂರ್ತಿ ಬೆಳಕು ಬರುತ್ತದೆ. ಹಾಗಾಗಿಯೇ ಪೂರ್ತಿ ಪ್ರಕಾಶಕ್ಕೆ ಕೆಲವು ಸೆಕೆಂಡ್ ಹಿಡಿಯುತ್ತದೆ. ವರ್ಷಗಟ್ಟಲೆ ಉರಿದು ಒಳಗಿನ ಈ ಲವಣಗಳ ಹದ ತಪ್ಪಿದಾಗ ಬಣ್ಣ ಕೆಡುತ್ತದೆ.

ಡಬ್ಬಿ ಮೇಲೆ ಡಿ1ಎಸ್ ಅಂತ ಬಲ್ಬಿನ ಮಾದರಿಯ ಹೆಸರು ಇತ್ತು. ಬಲ್ಬ್ ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದು. ಡಿ1 ಮತ್ತು ಡಿ3ಯಲ್ಲಿ ಕಿಡಿ ಹಾರಿಸುವ ಇಗ್ನೈಟರ್ ಬಲ್ಬಿನ ಬುಡದಲ್ಲೇ ಇರುತ್ತದೆ. ಡಿ2, ಡಿ4ರಲ್ಲಿ ಇರುವುದಿಲ್ಲ. ಡಿ1, ಡಿ2ರಲ್ಲಿ ಪಾದರಸ ಇದೆ, ಅವು 85 ವೋಲ್ಟಿನಲ್ಲಿ ಉರಿಯುತ್ತವೆ. ಪಾದರಸ ಇಲ್ಲದ ಡಿ3, ಡಿ4 ಉರಿಯುವುದು 42 ವೋಲ್ಟಿನಲ್ಲಿ. ನಾಲ್ಕೂ 35 ವಾಟ್. ನೋಡಲು ಡಿ1ಎಸ್ ಮತ್ತು ಡಿ3ಎಸ್ ಒಂದೇ ಥರ, ಆದರೆ ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಕೊನೆಯ ಅಕ್ಷರವನ್ನೂ ನೋಡಿ. ಎಸ್ ಅಂದರೆ ಮುಂದೆ ಮಸೂರ ಇರುವ ಪ್ರೊಜೆಕ್ಟರ್ ಲೈಟಿಗೆ, ಆರ್ ಅಂದರೆ ಹಿಂದಿನ ಕನ್ನಡಿಯಂಥ ಬಟ್ಟಲಿನಿಂದ ಬೆಳಕು ಹಾಯಿಸುವ ರಿಫ್ಲೆಕ್ಟರ್ ಲೈಟಿಗೆ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು 8000 ಕೆಲ್ವಿನ್ ಬಲ್ಬ್. ಜೋಡಿಗೆ 1,800 ರೂಪಾಯಿ. "ಡೈಮಂಡ್ ವೈಟ್ ಮೇಡಂ, ಗಾಡಿ ಲುಕ್ಕೇ ಬೇರೆ ಆಗುತ್ತೆ" ಅಂದರು. ನಮ್ಮ ಚಿಕ್ಕಪ್ಪನ ಮಗನ ಕಾರಲ್ಲಿ ಇಂಥದ್ದೇ ಇತ್ತು. ಮಳೆಯಲ್ಲಿ ಶಿರಾ ಕಡೆಯಿಂದ ಒಟ್ಟಿಗೆ ಬರುವಾಗ ಒದ್ದೆ ಡಾಂಬರು ಆ ಬೆಳಕನ್ನೆಲ್ಲ ನುಂಗಿದ ಹಾಗೆ ಇತ್ತು. ಕೆಲ್ವಿನ್ ಅನ್ನುವುದು ಬಣ್ಣದ ಅಳತೆ, ಬೆಳಕಿನ ಅಳತೆ ಅಲ್ಲ. ಬೆಳಕಿಗೆ ಲೂಮೆನ್ ನೋಡಬೇಕು. ಕಾರು ಕಂಪನಿಗಳು ಹಾಕಿಕೊಡುವುದು ಸಾಮಾನ್ಯವಾಗಿ 4300 ಕೆಲ್ವಿನ್, ಅದರಲ್ಲಿ ಸುಮಾರು 3,200 ಲೂಮೆನ್ ಬರುತ್ತದೆ. ಹ್ಯಾಲೊಜೆನ್ ಎಚ್7 ಬಲ್ಬ್ 55 ವಾಟ್ ತಿಂದು ಕೊಡುವುದು ಸುಮಾರು 1,500. ಬಣ್ಣ ನೀಲಿಗೆ ಹೋದಷ್ಟೂ ಲೂಮೆನ್ ಇಳಿಯುತ್ತದೆ. ನನಗೆ ಬೇಕಿದ್ದು ಕಲ್ಲು, ಹಸು, ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್ ಕಾಣುವ ಬೆಳಕು. ಫಿಲಿಪ್ಸ್, ಆಸ್ರಾಮ್ ಎರಡರಲ್ಲೂ 4300 ಸಿಗುತ್ತದೆ. ನಾನು ಆಸ್ರಾಮ್ ತಗೊಂಡೆ, ಒಂದಕ್ಕೆ 5,200. ಬುಡದಲ್ಲಿ ವೃತ್ತದೊಳಗೆ ಇ ಅಕ್ಷರದ ಮಾನ್ಯತೆ ಗುರುತು ಇದೆಯಾ, ಪೆಟ್ಟಿಗೆಯ ಸೀಲ್ ಒಡೆದಿಲ್ಲ ತಾನೇ ಅಂತ ಅಲ್ಲೇ ನೋಡಿಕೊಂಡೆ.

ಎರಡೂ ತಗೊಂಡೆ. ಬಲಗಡೆಯದು ಚೆನ್ನಾಗಿತ್ತಲ್ಲ ಅಂತ ನಮ್ಮಣ್ಣ ಫೋನಿನಲ್ಲಿ ಕೇಳಿದ. ಚೆನ್ನಾಗೇ ಇತ್ತು, ಆದರೆ ಅದಕ್ಕೂ ಅಷ್ಟೇ ವಯಸ್ಸು. ಹೊಸದರ ಪಕ್ಕ ಹಳೆಯದು ಮಂಕಾಗಿ ಕಾಣುತ್ತದೆ, ಬಣ್ಣವೂ ಹೊಂದುವುದಿಲ್ಲ.

ಹಾಕುವ ಮೊದಲು ಎಲೆಕ್ಟ್ರಿಷಿಯನ್ ಅಣ್ಣ ಲೈಟ್ ಆರಿಸಿ, ಬ್ಯಾಟರಿಯ ನೆಗೆಟಿವ್ ತೆಗೆದರು. 20 ಸಾವಿರ ವೋಲ್ಟಿನ ಹತ್ತಿರ ಹುಡುಗಾಟ ಬೇಡ. ಗಾಜಿಗೆ ಬೆರಳು ತಾಗಿಸಲಿಲ್ಲ. ತಾಗಿದರೆ ಕೈಯ ಜಿಡ್ಡು ಕಾದು ಗಾಜು ಹಾಳಾಗುತ್ತದೆ. ಆಮೇಲೆ ಗಾಡಿಯನ್ನು ಗೋಡೆಗೆ ನೇರ ನಿಲ್ಲಿಸಿ ಡಿಪ್ ಬೆಳಕಿನ ಗೆರೆ ನೋಡಿದೆವು. ಅಡ್ಡಗೆರೆ ಚೂಪಾಗಿ ಬಿದ್ದು, ಎಡಗಡೆ ಮಾತ್ರ ಮೇಲಕ್ಕೆ ಏರಿತ್ತು. ಎಡ ಅಂಚಿನಲ್ಲಿ ನಡೆಯುವವರು ಕಾಣಬೇಕು, ಎದುರು ಬರುವವರ ಕಣ್ಣಿಗೆ ಹೊಡೆಯಬಾರದು, ಅದಕ್ಕೇ ಆ ಏರು.

ಪಕ್ಕದ ಮನೆಯವರು ತಮ್ಮ ಹ್ಯಾಲೊಜೆನ್ ಕಾರಿಗೂ ಝೆನಾನ್ ಕಿಟ್ ಹಾಕಿಸಲಾ ಅಂತ ಕೇಳಿದರು. ಖಂಡಿತ ಬೇಡ ಅಂದೆ. ಆ ರಿಫ್ಲೆಕ್ಟರ್ ಮಾಡಿರುವುದು ತಂತಿಯ ಬೆಳಕಿಗೆ. ಅದರಲ್ಲಿ ಝೆನಾನ್ ಇಟ್ಟರೆ ಬೆಳಕು ಕಂಡಕಂಡ ಕಡೆ ಚೆಲ್ಲುತ್ತದೆ. ಕಂಪನಿ ಝೆನಾನ್ ಜೊತೆ ಲೈಟ್ ತೊಳೆಯುವ ವಾಷರ್, ಭಾರಕ್ಕೆ ತಕ್ಕಂತೆ ಬೆಳಕನ್ನು ತಗ್ಗಿಸುವ ಆಟೊ ಲೆವೆಲಿಂಗ್ ಸುಮ್ನೆ ಕೊಟ್ಟಿರುವುದಿಲ್ಲ. ಊರಿಂದ ಡಿಕ್ಕಿಯಲ್ಲಿ ಎರಡು ಮೂಟೆ ರಾಗಿ ಹೇರಿಕೊಂಡು ಬರುವಾಗ ನನ್ನ ಗಾಡಿಯ ಮೂತಿ ಮೇಲೇಳುತ್ತದೆ, ಬೆಳಕು ತಾನಾಗೇ ಕೆಳಗಿಳಿಯುತ್ತದೆ. ಕಣ್ಣು ಕುಕ್ಕುವ ಎಲ್‌ಇಡಿ ಲೈಟ್ ಹಾಕಿದವರ ಮೇಲೆ 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕೇಸ್ ಹಾಕತೊಡಗಿದಾಗ ನನಗಂತೂ ತುಂಬಾ ಸಮಾಧಾನ ಆಗಿತ್ತು. ಎದುರಿನ ಲೈಟಿಗೆ ಕಣ್ಣು ಕತ್ತಲಾಗಿ ಬೈಕಿನವರು ರಸ್ತೆ ಬಿಟ್ಟು ಇಳಿಯುವುದನ್ನು ನಾನು ಈ ದಾರಿಯಲ್ಲೇ ನೋಡಿದ್ದೇನೆ.

ಹಳೆಯ ಬಲಗಡೆ ಬಲ್ಬ್ ಹೊಸದರ ಪೆಟ್ಟಿಗೆಯಲ್ಲಿ ಡಿಕ್ಕಿಯಲ್ಲಿದೆ, ದಾರಿಯಲ್ಲಿ ಬೇಕಾದರೆ ಇರಲಿ ಅಂತ. ಕೆಟ್ಟದ್ದರಲ್ಲಿ ಪಾದರಸ ಇರುವುದರಿಂದ ಕಸದ ಗಾಡಿಗೆ ಹಾಕಲಿಲ್ಲ, ಇ-ತ್ಯಾಜ್ಯದ ಚೀಲದಲ್ಲಿ ಎತ್ತಿಟ್ಟಿದ್ದೇನೆ.

ಮುಂದಿನ ಶನಿವಾರ ಕೆರೆ ಏರಿ ಇಳಿದು ಮನೆ ಮುಂದೆ ನಿಲ್ಲಿಸಿದರೂ ಅಮ್ಮ ಜಗಲಿಯಿಂದ ಏಳಲಿಲ್ಲ. ಬಾಗಿಲು ತೆಗೆದು ಇಳಿದ ಮೇಲೆ "ಅಯ್ಯೋ ನೀನಾ! ಯಾರದೋ ಗಾಡಿ ಅಂದ್ಕೊಂಡೆ ಕಣೇ" ಅಂತ ಎದ್ದು ಬಂದಳು.