ಕೆಂಪು ಕಣ್ಣಿನ ಅಜ್ಜಿಯರ ಪರವಾಗಿ ಒಂದು ಖಂಡದ ಒಪ್ಪಂದ

ಟಾಂಜಾನಿಯಾದ ಮ್ವಾಂಜಾ ನಗರಕ್ಕೆ ನಾವು ಬಂದು ಏಳು ವರ್ಷಗಳಾದವು. ವಿಕ್ಟೋರಿಯಾ ಸರೋವರದ ದಕ್ಷಿಣ ದಂಡೆಯಲ್ಲಿ, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಹೆಬ್ಬಂಡೆಗಳ ನಡುವೆ ಹಬ್ಬಿಕೊಂಡಿರುವ ಊರಿದು. ಬಂದ ಹೊಸದರಲ್ಲಿ ನಾನು ಕಲಿತ ಮೊದಲ ಸ್ವಾಹಿಲಿ ಮಾತು ‘ಶಿಕಾಮೋ’. ಹಿರಿಯರು ಎದುರಾದಾಗ ಕಿರಿಯರು ತಪ್ಪದೆ ಹೇಳಬೇಕಾದ ವಂದನೆಯಿದು. ‘ನಿಮ್ಮ ಪಾದ ಹಿಡಿಯುತ್ತೇನೆ’ ಎಂಬುದು ಅದರ ಮೂಲಾರ್ಥವೆಂದು ಇಲ್ಲಿನವರು ವಿವರಿಸುತ್ತಾರೆ. ಹಿರಿಯರು ‘ಮರಹಬಾ’ ಎಂದು ಅದನ್ನು ಸ್ವೀಕರಿಸುತ್ತಾರೆ. ಹಿರಿಯರ ಕಾಲಿಗೆ ಎರಗಿ ಬೆಳೆದ ನಮ್ಮಂಥವರಿಗೆ ಆ ಮಾತಿನ ಮರ್ಯಾದೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರುವಾಗ, ಇದೇ ಸೀಮೆಯ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರು ಎಂಥ ಭಯದಲ್ಲಿ ಬದುಕುತ್ತಾರೆ ಎಂಬುದು ತಿಳಿದ ಮೇಲೆ ನನಗೆ ಬಹಳ ದಿನ ನೆಮ್ಮದಿಯಿಂದ ನಿದ್ದೆ ಬರಲಿಲ್ಲ.

ಮ್ವಾಂಜಾ ಮತ್ತು ಶಿನ್ಯಾಂಗಾ ಪ್ರಾಂತ್ಯಗಳು ಸುಕುಮಾ ಜನರ ನೆಲ. ಹತ್ತಿ ಬೆಳೆದು ದನ ಸಾಕುವ ಕಷ್ಟಜೀವಿಗಳು ಇವರು. ಆದರೆ ಮಗುವೊಂದು ಜ್ವರದಲ್ಲಿ ತೀರಿಕೊಂಡಾಗ, ಕೊಟ್ಟಿಗೆಯಲ್ಲಿ ದನಗಳು ಒಂದರ ಹಿಂದೊಂದು ಸತ್ತಾಗ, ಯಾರೋ ಮಾಟ ಮಾಡಿಸಿದ್ದಾರೆಂಬ ಸಂಶಯ ಹುಟ್ಟಿ, ಕಣಿ ಹೇಳುವವನೊಬ್ಬ ಬೆರಳು ತೋರಿಸಿ, ಆ ಬೆರಳು ಹೆಚ್ಚಾಗಿ ಒಂಟಿ ಮುದುಕಿಯೊಬ್ಬಳ ಗುಡಿಸಿಲಿನ ಕಡೆಗೇ ತಿರುಗುವ ಕೆಟ್ಟ ರೂಢಿ ಇಲ್ಲಿ ದಶಕಗಳಿಂದ ಇದೆ. ‘ಮ್ಚಾವಿ’, ಅಂದರೆ ಮಾಟಗಾತಿ, ಎಂಬ ಹೆಸರು ಬಿದ್ದ ಅಜ್ಜಿಯನ್ನು ಊರಿನಿಂದ ಓಡಿಸಿದ್ದುಂಟು. ರಾತ್ರಿ ಮನೆಗೆ ನುಗ್ಗಿ ಮಚ್ಚಿನಿಂದ ಕಡಿದು ಕೊಂದದ್ದೂ ಉಂಟು. ಮಾಟಗಾತಿಯ ಗುರುತು ಯಾವುದೆಂದು ಕೇಳಿದರೆ ಜನ ಹೇಳುವ ಮೊದಲ ಲಕ್ಷಣ ಕೆಂಪು ಕಣ್ಣು.

ಆ ಕೆಂಪು ಎಲ್ಲಿಂದ ಬರುತ್ತದೆ ಎಂಬುದನ್ನು ನಾನು ಮಾಗು ಪಟ್ಟಣದ ಕಡೆಯ ಒಂದು ಹಳ್ಳಿಯ ಅಡುಗೆಮನೆಯಲ್ಲಿ ಕುಳಿತು ಕಂಡೆ. ವೃತ್ತಿಯಿಂದ ನಾನು ಲೆಕ್ಕಪತ್ರ ನೋಡುವವಳು; ಹಿರಿಯ ಹೆಂಗಸರ ಒಂದು ಉಳಿತಾಯ ಗುಂಪಿನ ಪುಸ್ತಕ ಬರೆದುಕೊಡಲು ಶನಿವಾರಗಳಂದು ಅಲ್ಲಿಗೆ ಹೋಗುತ್ತೇನೆ. ಗುಂಪಿನ ಒಬ್ಬ ಅಜ್ಜಿಯನ್ನು ಎಲ್ಲರಂತೆ ನಾನೂ ‘ಬಿಬಿ’, ಅಂದರೆ ಅಜ್ಜಿ, ಎಂದೇ ಕರೆಯುತ್ತೇನೆ. ಅವರ ಅಡುಗೆಮನೆಗೆ ಬಾಗಿಲೊಂದೇ ಕಿಂಡಿ. ಮರಗಳು ವಿರಳವಾದ ಬಯಲಿನಲ್ಲಿ ಸೌದೆ ಸಿಗುವುದಿಲ್ಲವಾದ್ದರಿಂದ ಮೂರು ಕಲ್ಲಿನ ಒಲೆಗೆ ಒಣ ಸಗಣಿ ಮತ್ತು ಹತ್ತಿಯ ಕಡ್ಡಿಗಳೇ ಉರುವಲು. ಸಗಣಿ ಧಗ್ಗನೆ ಹೊತ್ತಿಕೊಳ್ಳುವುದಿಲ್ಲ. ಬಹಳ ಹೊತ್ತು ಹೊಗೆಯುತ್ತದೆ, ಆ ಹೊಗೆ ಹುಲ್ಲು ಮಾಡಿನ ಕೆಳಗೆ ಸುತ್ತಿ ಮತ್ತೆ ಒಲೆಯ ಮುಂದೆ ಕುಳಿತವರ ಮುಖಕ್ಕೇ ಇಳಿಯುತ್ತದೆ. ಹತ್ತು ನಿಮಿಷದಲ್ಲಿ ನನ್ನ ಕಣ್ಣಲ್ಲಿ ಧಾರಾಕಾರ ನೀರು. ಬಿಬಿ ಮಾತ್ರ ಮೈಗೆ ಸುತ್ತಿಕೊಂಡ ಕಾಂಗಾ ಬಟ್ಟೆಯ ಅಂಚಿನಿಂದ ರೆಪ್ಪೆ ಒರೆಸಿಕೊಳ್ಳುತ್ತ, ಉಗಾಲಿಯ ಮುದ್ದೆಯನ್ನು ಮರದ ಸೌಟಿನಿಂದ ತಿರುವುತ್ತಲೇ ಇದ್ದರು. ಅವರ ಕಣ್ಣಿನ ಬಿಳಿಯ ಭಾಗವೆಲ್ಲ ಮಾಸಲು ಕೆಂಪು. ಅರುವತ್ತು ವರ್ಷ ಮನೆಮಂದಿಗೆಲ್ಲ ಬೇಯಿಸಿ ಹಾಕಿದ್ದಕ್ಕೆ ಅವರ ಮೈಮೇಲೆ ಉಳಿದ ಗುರುತು ಅದು, ಅದೇ ಗುರುತನ್ನು ಮುಂದಿಟ್ಟುಕೊಂಡು ಅವರ ಪ್ರಾಣಕ್ಕೆ ಕೈ ಹಾಕಬಹುದು ಎಂಬ ಯೋಚನೆಯೇ ಸಹಿಸಲಾಗದಂಥದ್ದು. ಹೊಗೆ ಹೊರಹೋಗುವ ಕೊಳವೆಯಿರುವ ಒಲೆಗಳನ್ನು ಹಾಕಿಸುವುದು ಇಲ್ಲಿ ವೃದ್ಧೆಯರ ಜೀವ ಉಳಿಸುವ ಕೆಲಸದ ಒಂದು ಭಾಗವಾಗಿರುವುದು ಏಕೆಂಬುದು ನನಗೆ ಅಂದು ಅರ್ಥವಾಯಿತು.

ಇದನ್ನು ಬರೀ ಮೂಢನಂಬಿಕೆ ಎಂದು ಬದಿಗೆ ಸರಿಸುವಂತಿಲ್ಲ. ಆರೋಪದ ಬೆನ್ನು ಹತ್ತಿ ಹೋದರೆ ಅನೇಕ ಸಲ ಜಮೀನಿಗೆ ತಲುಪುತ್ತೇವೆ. ಬಿಬಿಯ ಗಂಡ ತೀರಿಕೊಂಡ ಮೇಲೆ ಉಳಿದದ್ದು ಎರಡು ಎಕರೆ ಹೊಲ. ಅದು ಕುಲದ ಭೂಮಿ, ಹೆಂಗಸಿನ ಕೈಯಲ್ಲಿ ಇರಕೂಡದು ಎಂದು ಗಂಡನ ಅಣ್ಣನ ಮಗ ಮೊದಲು ತಕರಾರು ತೆಗೆದ. ಮರುವರ್ಷ ಅವನ ಮಗುವಿಗೆ ಕಾಯಿಲೆಯಾದಾಗ ಬಾವಿಯ ಬಳಿ ‘ಮ್ಚಾವಿ’ ಎಂಬ ಪಿಸುಮಾತು ಶುರುವಾಯಿತು. ಎರಡು ಮಾತುಗಳೂ ಒಂದೇ ಬಾಯಿಂದ ಹೊರಟವೆಂದು ಬಿಬಿ ಯಾರ ಮೇಲೂ ಸಿಟ್ಟು ತೋರದೆ ನನಗೆ ಹೇಳಿದರು. “ಮ್ವಾನಾಂಗು (ನನ್ನ ಮಗು), ಹೊಲ ಇಲ್ಲದಿದ್ದರೆ ನಾನು ಬರೀ ಮುದುಕಿ. ಹೊಲ ಇರುವುದಕ್ಕೇ ಮಾಟಗಾತಿ.”

ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಬಹುದು. ಅದು ಎರಡು ದಿಕ್ಕಿಗೆ ಎಳೆಯುತ್ತದೆ. 1963ರ ಸ್ಥಳೀಯ ರೂಢಿ ಕಾನೂನಿನ ಘೋಷಣಾ ಆದೇಶದ ಪ್ರಕಾರ, ಸತ್ತವನ ಕುಲದವರು ಇರುವಾಗ ವಿಧವೆಗೆ ಆಸ್ತಿಯಲ್ಲಿ ಪಾಲಿಲ್ಲ. ಆಕೆ ಮಕ್ಕಳನ್ನು ಸಾಕಿದಂತೆ ಮಕ್ಕಳು ಆಕೆಯನ್ನು ಸಾಕುವುದೇ ಆಕೆಯ ಪಾಲು. ಮಕ್ಕಳು ಸಾಕದಿದ್ದರೆ, ಅಥವಾ ಮಕ್ಕಳೇ ಇಲ್ಲದಿದ್ದರೆ, ಆ ಪಾಲು ಎಲ್ಲಿ ಹೋಯಿತು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. 1999ರ ಗ್ರಾಮ ಭೂಮಿ ಕಾಯ್ದೆಯಾದರೋ, ಹೆಂಗಸರಿಗೆ ಭೂಮಿಯ ಹಕ್ಕನ್ನು ನಿರಾಕರಿಸುವ ಯಾವುದೇ ರೂಢಿ ಊರ್ಜಿತವಲ್ಲ ಎನ್ನುತ್ತದೆ. ಹಳ್ಳಿಯ ಪಂಚಾಯಿತಿಯಲ್ಲಿ ಇವೆರಡರಲ್ಲಿ ಯಾವುದು ನಡೆಯುತ್ತದೆ ಎಂಬುದು ಅಂದು ಅಲ್ಲಿ ಕುಳಿತವರು ಯಾರು ಎಂಬುದರ ಮೇಲೆ ನಿಂತಿದೆ.

ಈ ನೆಲದಲ್ಲೇ ನಡೆದ ಒಂದು ಮೊಕದ್ದಮೆಯನ್ನು ನಾನು ಗುಂಪಿನ ಹೆಂಗಸರಿಗೆ ಹಲವು ಸಲ ಹೇಳಿದ್ದೇನೆ, ಅವರೂ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಾರೆ. ಸರೋವರದ ಆಚೆ ದಂಡೆಯ ಕಗೇರಾ ಪ್ರಾಂತ್ಯದಲ್ಲಿ ಹೊಲಾರಿಯಾ ಪಾಸ್ಟರಿ ಎಂಬ ಹಾಯಾ ಜನಾಂಗದ ಮಹಿಳೆಗೆ ತಂದೆಯ ಉಯಿಲಿನಿಂದ ಕುಲದ ಭೂಮಿ ಬಂದಿತ್ತು. ವಯಸ್ಸಾಯಿತು, ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ಅವರು 1988ರಲ್ಲಿ ಆ ಭೂಮಿಯನ್ನು 3,00,000 ಶಿಲಿಂಗ್‌ಗೆ ಮಾರಿದರು. ಹಾಯಾ ರೂಢಿಯಂತೆ ಹೆಂಗಸಿಗೆ ಕುಲದ ಭೂಮಿ ಮಾರುವ ಅಧಿಕಾರವಿಲ್ಲವೆಂದು ಸೋದರಳಿಯ ದಾವೆ ಹೂಡಿದ. ಪ್ರಾಥಮಿಕ ನ್ಯಾಯಾಲಯ ಅವನ ಮಾತನ್ನೇ ಒಪ್ಪಿತು, ಜಿಲ್ಲಾ ನ್ಯಾಯಾಲಯ ಒಪ್ಪಲಿಲ್ಲ, ಕೊನೆಗೆ ಪ್ರಕರಣ ಮ್ವಾಂಜಾದ ಹೈಕೋರ್ಟಿಗೆ ಬಂತು. 1990ರಲ್ಲಿ ನ್ಯಾಯಮೂರ್ತಿ ಮ್ವಾಲುಸಾನ್ಯಾ ಆ ರೂಢಿಯು ಸಂವಿಧಾನದ ಹಕ್ಕುಗಳಿಗೆ ವಿರುದ್ಧವೆಂದು ತೀರ್ಪಿತ್ತು, ಕುಲದ ಭೂಮಿಯ ವಿಷಯದಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ಹಕ್ಕು ಎಂದರು. ನನ್ನ ಮನಸ್ಸಿನಲ್ಲಿ ನಿಂತಿರುವುದು ಅವರು ಆಧಾರವಾಗಿಟ್ಟುಕೊಂಡ ದಾಖಲೆಗಳು. ಸಂವಿಧಾನದ ಜೊತೆಗೆ ಅವರು ಟಾಂಜಾನಿಯಾ ಒಪ್ಪಿಕೊಂಡಿದ್ದ ಅಂತರರಾಷ್ಟ್ರೀಯ ಒಡಂಬಡಿಕೆಗಳನ್ನೂ, 1981ರ ಆಫ್ರಿಕದ ಮಾನವ ಮತ್ತು ಜನತೆಗಳ ಹಕ್ಕುಗಳ ಸನ್ನದನ್ನೂ ಉಲ್ಲೇಖಿಸಿದರು. ಕಗೇರಾದ ಒಬ್ಬ ವೃದ್ಧೆಯ ಹೊಲಕ್ಕೆ ಇಡೀ ಖಂಡದ ಒಪ್ಪಂದವೊಂದು ಆಸರೆಯಾಗಿ ನಿಂತಿತು.

ಹಳ್ಳಿಯ ಅಜ್ಜಿಯ ಕಷ್ಟಕ್ಕೆ ಪ್ರಾದೇಶಿಕ ಮಟ್ಟದ ಹೋರಾಟವೇಕೆ, ಜಿಲ್ಲಾಧಿಕಾರಿಯ ಬಳಿ ಹೋದರೆ ಸಾಲದೇ ಎಂದು ನಾನೂ ಮೊದಲು ಯೋಚಿಸಿದ್ದೆ. ಈಗ ಹಾಗೆನಿಸುವುದಿಲ್ಲ. ಜಗತ್ತಿಗೆಲ್ಲ ಅನ್ವಯಿಸುವ ದಾಖಲೆಗಳು ವೃದ್ಧೆಯರ ಬಗ್ಗೆ ಮಾತಾಡಿರುವುದೇ ಕಡಿಮೆ. ಮಹಿಳಾ ತಾರತಮ್ಯ ನಿರ್ಮೂಲನೆಯ 1979ರ ಒಡಂಬಡಿಕೆಯಲ್ಲಿ ವಯಸ್ಸಾದ ಹೆಂಗಸರಿಗೆಂದೇ ಒಂದು ವಿಧಿಯಿಲ್ಲ. ಆ ಕೊರತೆಯನ್ನು ತುಂಬುವ ಶಿಫಾರಸನ್ನು ಅದರ ಸಮಿತಿ ಹೊರಡಿಸಿದ್ದು 2010ರಲ್ಲಿ. ಹಿರಿಯರಿಗಾಗಿ ಜಾಗತಿಕ ಒಡಂಬಡಿಕೆಯೊಂದರ ಕರಡು ಸಿದ್ಧಪಡಿಸಲು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ತೀರ್ಮಾನಿಸಿದ್ದೇ 2025ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಆಫ್ರಿಕದ ದೇಶಗಳು ತಮ್ಮ ಮನೆಯ ನೋವನ್ನು ತಾವೇ ಹೆಸರಿಟ್ಟು ಬರೆದುಕೊಂಡಿದ್ದವು. ಆಫ್ರಿಕದ ಮಹಿಳೆಯರ ಹಕ್ಕುಗಳಿಗಾಗಿ ಮಾಡಿಕೊಂಡ 2003ರ ಮಪುಟೊ ಒಪ್ಪಂದದ 21ನೆಯ ವಿಧಿ ವಿಧವೆಗೆ ಗಂಡನ ಆಸ್ತಿಯಲ್ಲಿ ನ್ಯಾಯವಾದ ಪಾಲನ್ನೂ, ಬಾಳಿದ ಮನೆಯಲ್ಲಿ ಮುಂದೆಯೂ ವಾಸಿಸುವ ಹಕ್ಕನ್ನೂ ಕೊಡುತ್ತದೆ; 22ನೆಯದು ವೃದ್ಧೆಯರ ರಕ್ಷಣೆಗೇ ಮೀಸಲು. 2016ರ ಜನವರಿ 31ರಂದು ಆಫ್ರಿಕನ್ ಒಕ್ಕೂಟ ಅಂಗೀಕರಿಸಿದ ಹಿರಿಯರ ಹಕ್ಕುಗಳ ಒಪ್ಪಂದವು ಇನ್ನೂ ಮುಂದೆ ಹೋಗಿ, ತನ್ನ 8ನೆಯ ವಿಧಿಯಲ್ಲಿ ಮಾಟದ ಆರೋಪವನ್ನು ಅದರ ಹೆಸರಿನಲ್ಲೇ ಕರೆದು, ಅದು ವಿಶೇಷವಾಗಿ ವಯಸ್ಸಾದ ಹೆಂಗಸರ ಜೀವಕ್ಕೂ ಘನತೆಗೂ ಕುತ್ತು ತರುತ್ತದೆಂದು ಹೇಳಿ, ಅಂಥ ಆಚರಣೆಗಳನ್ನು ನಿಷೇಧಿಸಿ ಅಪರಾಧವೆಂದು ಸಾರುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತು. ಮರುವಿಧಿಯಲ್ಲೇ ವೃದ್ಧೆಯರ ಭೂಮಿ ಮತ್ತು ಉತ್ತರಾಧಿಕಾರದ ಮಾತು ಬರುತ್ತದೆ. ಬಿಬಿಯ ಅಡುಗೆಮನೆಯಲ್ಲಿ ನಾನು ಜೊತೆಜೊತೆಯಾಗಿ ಕಂಡ ಎರಡು ಸಂಗತಿಗಳು ಈ ಒಪ್ಪಂದದಲ್ಲಿಯೂ ಅಕ್ಕಪಕ್ಕದಲ್ಲೇ ಕುಳಿತಿವೆ. ದೂರದವರು ಬಂದು ‘ನೀವು ಹಿಂದುಳಿದವರು’ ಎಂದು ಬೊಟ್ಟು ಮಾಡಿದರೆ ಹಳ್ಳಿಯ ಹಿರಿಯರು ಮುಖ ತಿರುಗಿಸುತ್ತಾರೆ. ನೆರೆಯ ದೇಶದವರೂ ಸೇರಿ ‘ಇದು ನಮ್ಮೆಲ್ಲರ ಮನೆಯ ದೋಷ, ತಿದ್ದಿಕೊಳ್ಳೋಣ’ ಎಂದರೆ ಕೇಳುವ ಕಿವಿ ಬೇರೆಯೇ ಆಗಿರುತ್ತದೆ.

ಆದರೆ ಅಂಗೀಕಾರವಾದ ಮಾತ್ರಕ್ಕೆ ಒಪ್ಪಂದ ಜಾರಿಗೆ ಬರಲಿಲ್ಲ. 15 ದೇಶಗಳು ಅನುಮೋದಿಸಬೇಕಿತ್ತು, ಅದಕ್ಕೆ ಹತ್ತಿರ ಹತ್ತಿರ ಒಂಬತ್ತು ವರ್ಷ ಹಿಡಿದು, 2024ರ ನವೆಂಬರ್ 4ರಂದು ಅದು ಜಾರಿಗೊಂಡಿತು. ಆ ಒಂಬತ್ತು ವರ್ಷ ಬಾಗಿಲಿಂದ ಬಾಗಿಲಿಗೆ ಅಲೆದು, ಪತ್ರದ ಮೇಲೆ ಪತ್ರ ಬರೆದು, ಒಂದೊಂದು ಸಂಸತ್ತಿನ ಮುಂದೆಯೂ ಅಜ್ಜಿಯರನ್ನೇ ನಿಲ್ಲಿಸಿ ಮಾತಾಡಿಸಿದ ಸಂಘಟನೆಗಳ ತಾಳ್ಮೆ ದೊಡ್ಡದು. ಇಂಥ ಕೆಲಸದಲ್ಲಿ ತೊಡಗಿರುವ ಹೆಲ್ಪ್‌ಏಜ್ ಇಂಟರ್‌ನ್ಯಾಷನಲ್ ಅನ್ನು 1983ರಲ್ಲಿ ಕಟ್ಟಿದ ಐದು ಸಂಸ್ಥೆಗಳಲ್ಲಿ ಕೀನ್ಯಾದ ಸಂಸ್ಥೆಯ ಜೊತೆಗೆ ನಮ್ಮ ಭಾರತದ ಹೆಲ್ಪ್‌ಏಜ್ ಕೂಡ ಒಂದು ಎಂದು ತಿಳಿದಾಗ ನನಗೆ ಹೆಮ್ಮೆಯಾಯಿತು.

ಇಂಥ ಹೋರಾಟದ ದಿನದಿನದ ಕೆಲಸ ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ಆಫ್ರಿಕದ ಸನ್ನದಿನ ಪ್ರಕಾರ ಪ್ರತಿ ಎರಡು ವರ್ಷಕ್ಕೊಮ್ಮೆ ಸರ್ಕಾರಗಳು ಗ್ಯಾಂಬಿಯಾದ ಬಂಜುಲ್‌ನಲ್ಲಿರುವ ಆಫ್ರಿಕದ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಒಪ್ಪಿಸಬೇಕು. ಸರ್ಕಾರದ ವರದಿಯಲ್ಲಿ ಬಿಟ್ಟುಹೋದದ್ದನ್ನು ಸಂಘಟನೆಗಳು ತಮ್ಮದೇ ಪರ್ಯಾಯ ವರದಿಯಲ್ಲಿ ಮುಂದಿಡಬಹುದು. ಅಂಥದೊಂದು ಹೇಳಿಕೆಗೆ ನಮ್ಮ ಗುಂಪಿನಿಂದಲೂ ಸಾಕ್ಷ್ಯ ಬೇಕೆಂದು ಕೇಳಿದ್ದರಿಂದ ನಾನು ಬರೆಯಲು ಕುಳಿತೆ. ಮೊದಲ ಅಂಕಣದಲ್ಲೇ ತೊಡಕು. ಅದು ವಯಸ್ಸಿನ ಅಂಕಣ. ಯಾರ ಬಳಿಯೂ ಜನನ ಪತ್ರವಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ 1961ರ ಡಿಸೆಂಬರ್‌ನಲ್ಲಿ ತಾನು ತಲೆಯ ಮೇಲೆ ನೀರಿನ ಕೊಡ ಹೊರುವಷ್ಟು ಎತ್ತರವಿದ್ದೆ ಎಂದು ಬಿಬಿ ಕೈಯಿಂದ ಅಳತೆ ತೋರಿಸಿದರು. ಇನ್ನೊಬ್ಬರು, 1970ರ ದಶಕದಲ್ಲಿ ಸರ್ಕಾರವು ಜನರನ್ನು ಉಜಮಾ ಎಂಬ ಸಾಮೂಹಿಕ ಹಳ್ಳಿಗಳಿಗೆ ಸಾಗಿಸಿದಾಗ ತನ್ನ ಬೆನ್ನಿಗೆ ಎರಡನೆಯ ಮಗು ಕಟ್ಟಿಕೊಂಡಿದ್ದನ್ನು ನೆನಪಿಸಿಕೊಂಡರು. ಹೀಗೆ ಲೆಕ್ಕ ಹಾಕಿ ಹಾಕಿ ಒಂದು ಮಧ್ಯಾಹ್ನವೆಲ್ಲ ಹನ್ನೊಂದು ಜನರ ವಯಸ್ಸು ಬರೆದೆವು. ಇದು ಕಾಗದದ ಕಾಟವಷ್ಟೇ ಅಲ್ಲ. ವಯಸ್ಸು 60 ದಾಟಿತೆಂದು ತೋರಿಸಲಾಗದಿದ್ದರೆ, ಹಣ ತೆರಲಾಗದ ವೃದ್ಧರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗಬೇಕಾದ ಶುಲ್ಕ ವಿನಾಯಿತಿಯೂ ಕೈಗೆ ಬರುವುದಿಲ್ಲ. ಒಂದು ಆಸ್ಪತ್ರೆಯ ಕಿಟಕಿಯಿಂದ ಬಿಬಿ ಇದೇ ಕಾರಣಕ್ಕೆ ಎರಡು ಸಲ ಹಿಂದಿರುಗಿದ್ದಾರೆ.

ಅಂಕಿಅಂಶಗಳಲ್ಲಿಯೂ ಇವರಿಗೆ ಜಾಗ ಕಡಿಮೆ. ಮನೆಯೊಳಗಿನ ಹಿಂಸೆಯ ಬಗ್ಗೆ ಹಲವು ದೇಶಗಳು ನೆಚ್ಚಿಕೊಂಡಿರುವ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಯು ಸಾಮಾನ್ಯವಾಗಿ 15ರಿಂದ 49 ವಯಸ್ಸಿನ ಹೆಂಗಸರನ್ನು ಮಾತ್ರ ಪ್ರಶ್ನಿಸುತ್ತದೆ. ಐವತ್ತರ ಹುಟ್ಟುಹಬ್ಬದ ಮರುದಿನ ಬಿದ್ದ ಏಟನ್ನು ಎಣಿಸುವವರಿಲ್ಲ. ಎಣಿಸದ ನೋವಿಗೆ ಬಜೆಟ್ಟಿನಲ್ಲಿ ಹಣ ಇಡುವವರೂ ಇಲ್ಲವಾದ್ದರಿಂದ, ಆ ಮೇಲ್ಮಿತಿಯನ್ನು ತೆಗೆಯಿರಿ ಎಂಬ ಬೇಡಿಕೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಈಡೇರಬೇಕಾದದ್ದು.

ನ್ಯಾಯಾಲಯದ ದಾರಿಯೂ ಇದೆ. ಎರಡು ಸಂಘಟನೆಗಳು ತಂದ ಪ್ರಕರಣದಲ್ಲಿ, ಮಾಲಿ ದೇಶದ ಕುಟುಂಬ ಸಂಹಿತೆಯ ಉತ್ತರಾಧಿಕಾರದ ನಿಯಮಗಳೂ ಸೇರಿದಂತೆ ಹಲವು ಅಂಶಗಳು ಮಪುಟೊ ಒಪ್ಪಂದಕ್ಕೆ ವಿರುದ್ಧವೆಂದು ಆಫ್ರಿಕದ ಮಾನವ ಹಕ್ಕುಗಳ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. ಆ ನ್ಯಾಯಾಲಯ ಇರುವುದು ಟಾಂಜಾನಿಯಾದ ಅರುಷಾದಲ್ಲಿಯೇ. ಆದರೂ 2019ರಲ್ಲಿ ಟಾಂಜಾನಿಯಾ ತನ್ನ ಒಪ್ಪಿಗೆಯನ್ನು ಹಿಂತೆಗೆದುಕೊಂಡದ್ದರಿಂದ ಇಲ್ಲಿನ ವ್ಯಕ್ತಿಗಳಾಗಲಿ ಸಂಘಟನೆಗಳಾಗಲಿ ಈಗ ನೇರವಾಗಿ ಅಲ್ಲಿ ಹೊಸ ದಾವೆ ಹೂಡುವಂತಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಾಗಿಲು ಮತ್ತೆ ತೆರೆಯಬೇಕೆಂಬ ಒತ್ತಾಯವನ್ನು ಹಿರಿಯ ಮಹಿಳೆಯರ ಪರ ಮಾತಾಡುವ ಪ್ರತಿಯೊಬ್ಬರೂ ಬಿಡದೆ ಹೇಳಬೇಕು.

ಕೈಗೆ ಬರುವ ಹಣದ ಮಾತನ್ನೂ ಮರೆಯುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಜಾಂಜಿಬಾರ್ ದ್ವೀಪವು 70 ದಾಟಿದ ಎಲ್ಲರಿಗೂ, ಹಿಂದೆ ನೌಕರಿ ಮಾಡಿದ್ದರೇ ಎಂದು ಕೇಳದೆ, ತಿಂಗಳಿಗೆ 20,000 ಶಿಲಿಂಗ್ ಪಿಂಚಣಿ ಆರಂಭಿಸಿತು. ಜೀವಮಾನವಿಡೀ ಹೊಲದಲ್ಲೂ ಒಲೆಯ ಮುಂದೆಯೂ ದುಡಿದು ಒಂದು ದಿನವೂ ಸಂಬಳ ಕಾಣದ ಹೆಂಗಸಿಗೆ ತನ್ನ ಹೆಸರಿನಲ್ಲೇ ಬರುವ ಹಣ ಎಂಥ ಬಲ ಎಂಬುದನ್ನು ನಮ್ಮ ಉಳಿತಾಯ ಗುಂಪಿನಲ್ಲಿ ಕಂಡಿದ್ದೇನೆ. ಇಲ್ಲಿನ ಅಜ್ಜಿಯರು ಜಾಂಜಿಬಾರಿನ ಸುದ್ದಿಯನ್ನು ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡರು.

ಊರಿನ ಓದುಗರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಅಮೆರಿಕ ಖಂಡಗಳ ದೇಶಗಳು 2015ರಲ್ಲೇ ಹಿರಿಯರ ಹಕ್ಕಿಗೆ ತಮ್ಮ ಒಡಂಬಡಿಕೆ ಮಾಡಿಕೊಂಡವು, ಆಫ್ರಿಕ ಮರುವರ್ಷ ಮಾಡಿಕೊಂಡಿತು. ನಮ್ಮ ಏಷ್ಯಾದಲ್ಲಿ ಅಂಥ ಒಡಂಬಡಿಕೆಯಾಗಲಿ, ಮಾನವ ಹಕ್ಕುಗಳ ಪ್ರಾದೇಶಿಕ ನ್ಯಾಯಾಲಯವಾಗಲಿ ಇಲ್ಲ. ಸಾರ್ಕ್ ದೇಶಗಳ ವಿಧವೆಯರ ಕಷ್ಟಗಳು ಗಡಿ ದಾಟಿ ಒಂದನ್ನೊಂದು ಹೋಲುತ್ತಿದ್ದರೂ, ಅವರ ಪರವಾಗಿ ಗಡಿ ದಾಟಿ ಒಂದಾದ ದನಿ ಇನ್ನೂ ಎದ್ದಿಲ್ಲ.

ಎಂಟು ಮತ್ತು ಒಂಬತ್ತನೆಯ ವಿಧಿಗಳನ್ನು ಗುಂಪಿನ ಹುಡುಗಿಯೊಬ್ಬಳು ಸ್ವಾಹಿಲಿಯಿಂದ ಸುಕುಮಾ ಭಾಷೆಗೆ ತಂದು ಕಳೆದ ತಿಂಗಳು ಓದಿ ಹೇಳಿದಳು. ಬಿಬಿ ಅದನ್ನು ಎರಡು ಹಾಳೆಗಳಲ್ಲಿ ಬರೆಸಿಕೊಂಡು, ತಮ್ಮ ಹೊಲಕ್ಕೆ ಹಕ್ಕುಪತ್ರ ಕೋರಿ ಗ್ರಾಮ ಭೂಮಿ ಸಮಿತಿಗೆ ಕೊಟ್ಟ ಅರ್ಜಿಯ ಹಿಂದೆ ಪಿನ್ನು ಹಾಕಿಸಿದ್ದಾರೆ. ನಾಲ್ವರು ನೆರೆಯವರು ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದ್ದಾರೆ, ಅವರಲ್ಲಿ ಇಬ್ಬರು ಗಂಡಸರು. ಸಮಿತಿಯ ಮುಂದಿನ ಸಭೆ ಹತ್ತಿಯ ಕೊಯ್ಲು ಮುಗಿದ ಮೇಲೆ. ಆ ದಿನ ಜೊತೆಗೆ ಬರಬೇಕೆಂದು ಬಿಬಿ ಹೇಳಿದ್ದಾರೆ, ನಾನು ಕಚೇರಿಗೆ ರಜೆಯ ಅರ್ಜಿ ಈಗಲೇ ಬರೆದಿಟ್ಟಿದ್ದೇನೆ.