ಫಂಡಿಂಗ್ ಅರ್ಜಿ ಅಂದ್ರೆ ಎಸ್ಟಿಮೇಟು

ಮಣಿಪಾಲದ ನಮ್ಮ ಸಣ್ಣ ಆಫೀಸಿನಲ್ಲಿ ನನ್ನದು ಅರ್ಧ ಕೋಡ್, ಅರ್ಧ ಅರ್ಜಿಯ ಕೆಲಸ. ಓಪನ್ ಸೋರ್ಸ್ ತಂತ್ರಾಂಶ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ಬಳಸಬಹುದಾದ ತಂತ್ರಾಂಶ, ಮಾಡುವ ಹುಡುಗ ಹುಡುಗಿಯರು ಫಂಡಿಂಗ್‌ಗೆ ಬರೆಯುವ ಅರ್ಜಿಗಳನ್ನು ಕಳಿಸುವ ಮುಂಚೆ ಓದಿ ತಿದ್ದಿ ಕೊಡುತ್ತೇನೆ. ಹೆಚ್ಚಿನವುಗಳದ್ದು ಒಂದೇ ರಾಗ. ಮೊದಲ ಪುಟ ಪೂರ್ತಿ ಭಾಷಾಪ್ರೇಮ, ಕೊನೆಗೆ ಒಂದು ಸಾಲಿನಲ್ಲಿ ಮೊತ್ತ. ನಮ್ಮ ಕಡೆಯವರಿಗೆ ದುಡ್ಡು ಕೇಳುವುದೆಂದರೇ ಸಂಕೋಚ. ಆ ಸಂಕೋಚ ಮುಚ್ಚಿಕೊಳ್ಳಲು ಭಾವನೆ ಜಾಸ್ತಿ ಸುರಿಯುತ್ತೇವೆ.

ಕೊಡುವವರಿಗೆ ಬೇಕಾಗಿರುವುದು ಮನೆ ರಿಪೇರಿಗೆ ಮೇಸ್ತ್ರಿ ಬರೆದು ಕೊಡುವಂಥ ಎಸ್ಟಿಮೇಟು. ಯಾವ ಗೋಡೆ, ಎಷ್ಟು ಆಳು, ಎಷ್ಟು ದಿನ, ಎಷ್ಟು ದುಡ್ಡು, ಅಷ್ಟೇ.

ಸುರತ್ಕಲ್ ಕಡೆಯ ಹುಡುಗನೊಬ್ಬ ಕನ್ನಡದ ಸ್ಪೆಲ್‌ಚೆಕ್ ಸುಧಾರಿಸಲು ಇಂಥ ಕೆಲಸಗಳಿಗೆ ದುಡ್ಡು ಕೊಡುವ ನೆದರ್ಲೆಂಡ್ಸ್‌ನ ಎನ್‌ಎಲ್‌ನೆಟ್ ಫೌಂಡೇಶನ್‌ಗೆ ಅರ್ಜಿ ಬರೆದು ತಂದಿದ್ದ. ಶುರುವಿನಲ್ಲೇ ಕಿನ್ನಿಕಂಬಳದ ಕೆ.ಪಿ. ರಾವ್, ಅವರು ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸ, ಅದರ ಕತೆ. ನಮ್ಮೂರಿನ ಹೆಮ್ಮೆ, ನಿಜ. ಆದರೆ ಸ್ಪೆಲ್‌ಚೆಕ್ ಅರ್ಜಿಯಲ್ಲಿ ಅದಕ್ಕೆ ಎಂತ ಕೆಲಸ? ಬಜೆಟ್ ಜಾಗದಲ್ಲಿ ಹೀಗಿತ್ತು: ‘ಕನ್ನಡ ಸ್ಪೆಲ್‌ಚೆಕ್ ಅಭಿವೃದ್ಧಿ: 15,000 ಯೂರೋ.’

‘ಅಕ್ಕ, ಇಷ್ಟು ಸಾಕಲ್ವಾ? ಅವರಿಗೆ ಕನ್ನಡ ಗೊತ್ತಿಲ್ಲ. ಜಾಸ್ತಿ ಬರೆದ್ರೆ ಎಂತ ಅರ್ಥ ಆಗ್ತದೆ?’

‘ಗೊತ್ತಿಲ್ಲ ಅಂತಲೇ ಬಿಡಿಸಿ ಬರೀಬೇಕು ಮಾರಾಯ.’

ಇಬ್ಬರೂ ಕೂತು ಆ ಒಂದು ಸಾಲನ್ನು ಒಡೆದೆವು. ಬರೆಯಲು ಬಳಸುವ ಲಿಬ್ರೆಆಫೀಸ್, ಬ್ರೌಸರ್ ಫೈರ್‌ಫಾಕ್ಸ್ ಎರಡೂ ಸ್ಪೆಲ್‌ಚೆಕ್‌ಗೆ ಬಳಸುವುದು ಹನ್‌ಸ್ಪೆಲ್ ಎಂಬ ತಂತ್ರಾಂಶ. ಅದಕ್ಕೆ ಎರಡು ಫೈಲ್ ಬೇಕು. ಒಂದರಲ್ಲಿ ಪದಗಳ ಪಟ್ಟಿ, ಇನ್ನೊಂದರಲ್ಲಿ ಪದಕ್ಕೆ ಏನೇನು ಅಂಟುತ್ತದೆ ಎಂಬ ನಿಯಮ. ಕನ್ನಡದ ಕಷ್ಟ ಇರುವುದು ಎರಡನೆಯದರಲ್ಲಿ. ‘ಮರ’ ಪಟ್ಟಿಯಲ್ಲಿದ್ದರೆ ಸಾಲದು. ಮರವನ್ನು, ಮರದಲ್ಲಿ, ಮರಗಳಿಂದ, ಮರಗಳಲ್ಲಿಯೂ ಎಲ್ಲವೂ ಸರಿ ಅಂತ ಅದಕ್ಕೆ ಗೊತ್ತಾಗಬೇಕು. ನಿಯಮ ಇಲ್ಲದಿದ್ದರೆ ಸರಿಯಾದ ಪದದ ಕೆಳಗೂ ಕೆಂಪು ಗೆರೆ. ಹಾಗಾಗಿ ನಾಮಪದದ ನಿಯಮ ಒಂದು ಹಂತ, ಕ್ರಿಯಾಪದದ್ದು ಇನ್ನೊಂದು, ಪದಪಟ್ಟಿ ಶುದ್ಧ ಮಾಡುವುದು ಮತ್ತೊಂದು, ಎಲ್ಲರೂ ಇನ್‌ಸ್ಟಾಲ್ ಮಾಡುವ ಹಾಗೆ ಪ್ಯಾಕ್ ಮಾಡಿ ಕೊಡುವುದು ಕೊನೆಯದು. ಪ್ರತಿ ಹಂತದ ಎದುರು ಗಂಟೆ ಎಷ್ಟು, ಗಂಟೆಗೆ ದರ ಎಷ್ಟು.

ಇನ್ನೊಂದು ಸಮಸ್ಯೆ ಉಂಟು. ಎನ್‌ಎಲ್‌ನೆಟ್ ದುಡ್ಡು ಕೊಡುವುದು ಹಂತ ಮುಗಿದ ಮೇಲೆ. ಮುಗಿದಿದೆ ಅಂತ ಕನ್ನಡ ಓದಲು ಬಾರದವರು ಹೇಗೆ ನೋಡಬೇಕು? ಅದಕ್ಕೆ ಒಂದು ಟೆಸ್ಟ್ ಫೈಲ್ ಇಡುತ್ತೇವೆ ಅಂತ ಬರೆದೆವು. ಸರಿ ಪದಗಳು ಒಂದು ಕಡೆ, ಬೇಕೆಂದೇ ತಪ್ಪಾಗಿ ಬರೆದವು ಇನ್ನೊಂದು ಕಡೆ. ಒಂದು ಕಮಾಂಡ್ ಕೊಟ್ಟರೆ ಪಾಸೋ ಫೇಲೋ ಗೊತ್ತಾಗುತ್ತದೆ. ನನ್ನ ಪ್ರಕಾರ ಇಡೀ ಅರ್ಜಿಯಲ್ಲಿ ಗಟ್ಟಿ ಸಾಲು ಅದೇ.

‘ಇಂಥದ್ದು ಬೇರೆ ಯಾರಾದರೂ ಮಾಡಿದ್ದಾರಾ’ ಅನ್ನುವ ಪ್ರಶ್ನೆಗೆ ಹುಡುಗ ‘ಯಾರೂ ಇಲ್ಲ’ ಅಂತ ಬರೆದಿದ್ದ. ಲಿನಕ್ಸ್‌ನಲ್ಲಿ ಕನ್ನಡದ ಹನ್‌ಸ್ಪೆಲ್ ಪಟ್ಟಿ ಮೊದಲೇ ಉಂಟು. ಅದನ್ನು ಹೆಸರಿಸಿ, ಅದರಲ್ಲಿ ಏನು ಸಾಲದು ಅಂತ ಹೇಳಿದರೆ ಓದುವವರಿಗೆ ನಂಬಿಕೆ ಬರುತ್ತದೆ. ಯಾರೂ ಇಲ್ಲ ಅಂದರೆ ಹುಡುಕಿಲ್ಲ ಅಂತಲೇ ಲೆಕ್ಕ.

ಯಾರಿಗೆ ಕೇಳುತ್ತೇವೆ ಎಂಬುದೂ ಮುಖ್ಯ. ಶೇರು ವ್ಯವಹಾರದ ಕಂಪನಿ ಝೆರೋಧಾದವರು 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಫ್ಲಾಸ್ ಫಂಡ್ ವರ್ಷಕ್ಕೆ 10 ಲಕ್ಷ ಡಾಲರ್ ಇಟ್ಟಿದೆ. ಒಂದು ಪ್ರಾಜೆಕ್ಟಿಗೆ 10,000ದಿಂದ 1 ಲಕ್ಷ ಡಾಲರ್. ಆದರೆ ಅದು ಈಗಾಗಲೇ ತುಂಬ ಜನ ಬಳಸುವ ತಂತ್ರಾಂಶಗಳಿಗೆ. ಇನ್ನೂ ಆಗಬೇಕಾದ ಕೆಲಸ ಹಿಡಿದುಕೊಂಡು ಅಲ್ಲಿಗೆ ಹೋದರೆ ಸುಮ್ನೆ ಸಮಯ ಹಾಳು. ಎನ್‌ಎಲ್‌ನೆಟ್‌ನಲ್ಲಿ ಹೊಸಬರು 5,000ದಿಂದ 50,000 ಯೂರೋ ತನಕ ಕೇಳಬಹುದು. ಯುರೋಪಿಗೆ ಇದರ ಸಂಬಂಧ ಏನು ಅಂತ ಮಾತ್ರ ಕೇಳುತ್ತಾರೆ. ಒಂದು ವರ್ಕ್‌ಶಾಪ್ ಮಾಡಿ ಜನರಿಂದ ವಿಕಿಗೆ ಪದ ಸೇರಿಸುವುದಾದರೆ ವಿಕಿಪೀಡಿಯ ನಡೆಸುವ ವಿಕಿಮೀಡಿಯದ ರ‍್ಯಾಪಿಡ್ ಫಂಡ್ ಸಾಕು, 500ರಿಂದ 5,000 ಡಾಲರ್.

ಸಂಘ, ಟ್ರಸ್ಟ್ ಹೆಸರಲ್ಲಿ ಹೊರದೇಶದ ದೇಣಿಗೆ ತೆಗೆದುಕೊಳ್ಳುವವರು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಮರೆಯುವ ಹಾಗಿಲ್ಲ. ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ದುಡ್ಡು ಬರಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಮಾಡಿದ ಕೆಲಸಕ್ಕೆ ಬರುವ ಶುಲ್ಕದ ಲೆಕ್ಕ ಬೇರೆ. ನಿಮ್ಮದು ಯಾವುದು ಅಂತ ಅರ್ಜಿ ಹಾಕುವ ಮುಂಚೆ ಸಿಎ ಹತ್ತಿರ ಕೇಳಿ, ಮಂಜೂರಾದ ಮೇಲಲ್ಲ.

ಹುಡುಗ ಕೊನೆಗೆ ಹಟ ಹಿಡಿದದ್ದು ಒಂದೇ ಸಾಲಿಗೆ. ರಿಲೀಸ್ ಆದ ಮೇಲೆ ಬರುವ ದೂರುಗಳನ್ನು ನೋಡಲು ನಾನು ಹಾಕಿಸಿದ್ದ ಗಂಟೆಗಳನ್ನು ತೆಗೆಯೋಣ ಅಂದ, ದುರಾಸೆ ಅನ್ನಿಸುತ್ತದಂತೆ. ಅವನಿಗೆ ಓಪನ್‌ಎಸ್‌ಎಸ್‌ಎಲ್ ವಿಷಯ ಹೇಳಿದೆ. ಅದು ವೆಬ್‌ಸೈಟ್‌ಗಳ ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಓಪನ್ ಸೋರ್ಸ್ ತಂತ್ರಾಂಶ. ಇಂಟರ್ನೆಟ್ಟಿನ ಅರ್ಧ ಭದ್ರತೆ ಅದರ ಮೇಲೆ ನಿಂತಿದ್ದರೂ 2014ರಲ್ಲಿ ಅದರೊಳಗಿನ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಗುವ ತನಕ ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಸಾಲು ಉಳಿಯಿತು. ‘ದರ ಸ್ವಲ್ಪ ಕಮ್ಮಿ ಮಾಡ್ಲಾ ಅಕ್ಕ?’ ಅಂತ ಮತ್ತೆ ಕೇಳಿದ. ಬೇಡ ಅಂದೆ.