ನೀಲಿಯಿಂದ ಹಸಿರಿಗೆ ತಿರುಗಿದ ಓಸ್ಟಾಲ್‌ಗಾಯ್

ಜರ್ಮನಿಯ ಬವೇರಿಯಾ ರಾಜ್ಯದ ದಕ್ಷಿಣದಂಚಿನಲ್ಲಿರುವ ಓಸ್ಟಾಲ್‌ಗಾಯ್ ಜಿಲ್ಲೆಯ ಹೆಸರು ಕೇಳದವರೂ ಅಲ್ಲಿನ ನೊಯ್‌ಶ್ವಾನ್‌ಸ್ಟೈನ್ ಅರಮನೆಯನ್ನು ಯಾವುದಾದರೊಂದು ಕ್ಯಾಲೆಂಡರಿನಲ್ಲಿ ನೋಡಿರುತ್ತಾರೆ. ಎರಡನೆಯ ಲುಡ್ವಿಗ್ ದೊರೆ 1869ರಲ್ಲಿ ಕಟ್ಟಿಸಲಾರಂಭಿಸಿದ, 1886ರಲ್ಲಿ ಅವನು ತೀರಿಕೊಂಡಾಗಲೂ ಮುಗಿಯದೆ ಉಳಿದಿದ್ದ ಆ ಅರಮನೆಗಿಂತ ಅದರ ಬುಡದಲ್ಲಿ ಹರಡಿರುವ ಹುಲ್ಲುಗಾವಲಿನ ಚರಿತ್ರೆಯೇ ನನಗೆ ಹೆಚ್ಚು ಸ್ವಾರಸ್ಯಕರವೆನಿಸುತ್ತದೆ.

ಈ ಸೀಮೆಗೆ ರೂಪ ಕೊಟ್ಟದ್ದು ಹಿಮನದಿ. ಹಿಮಯುಗದಲ್ಲಿ ಲೆಖ್ ನದಿಯ ಕಣಿವೆಯಿಂದ ಇಳಿದುಬಂದ ಹಿಮರಾಶಿಯು ತಾನು ಹೊತ್ತುತಂದ ಕಲ್ಲುಮಣ್ಣನ್ನು ದಿಬ್ಬಗಳಾಗಿ ಒಟ್ಟಿ, ತಗ್ಗುಗಳಲ್ಲಿ ಸರೋವರಗಳನ್ನೂ ಜೌಗುನೆಲವನ್ನೂ ಬಿಟ್ಟು ಹಿಂದೆ ಸರಿಯಿತು. ಹೀಗಾಗಿ ದಕ್ಷಿಣದಲ್ಲಿ ಎರಡು ಸಾವಿರ ಮೀಟರಿಗೂ ಮಿಕ್ಕ ಝೊಯ್ಲಿಂಗ್ ಶಿಖರ ಗೋಡೆಯಂತೆ ಎದ್ದು ನಿಂತಿದ್ದರೆ, ಉತ್ತರಕ್ಕೆ ನೆಲವು ಏರಿಳಿಯುತ್ತ ಮೆಲ್ಲಗೆ ತಗ್ಗುತ್ತದೆ.

ಆಲ್ಪ್ಸ್ ದಾಟಿ ಆಗ್ಸ್‌ಬುರ್ಗಿಗೆ ಹೋಗುತ್ತಿದ್ದ ರೋಮನ್ನರ ಹೆದ್ದಾರಿ ವಿಯಾ ಕ್ಲೌಡಿಯಾ ಆಗಸ್ಟಾ ಇದೇ ಕಣಿವೆಯಲ್ಲಿ ಸಾಗುತ್ತಿತ್ತು. ಇಟಲಿಯ ಕಡೆಗಿನ ಈ ದಾರಿ ಮತ್ತು ಬೆಟ್ಟದ ಕಾಡಿನ ಮರ, ಇವೆರಡೂ ಒದಗಿದ್ದರಿಂದ ಫ್ಯೂಸೆನ್ ಪಟ್ಟಣ ಲ್ಯೂಟ್ ಎಂಬ ತಂತಿವಾದ್ಯದ ತಯಾರಿಕೆಗೆ ಹೆಸರಾಯಿತು. ಯುರೋಪಿನಲ್ಲೇ ಮೊದಲನೆಯದೆನ್ನಲಾದ ಲ್ಯೂಟ್ ತಯಾರಕರ ಸಂಘ ಅಲ್ಲಿ ಸ್ಥಾಪನೆಯಾದದ್ದು 1562ರಲ್ಲಿ. ಊರಿನಲ್ಲಿ ಎಲ್ಲರಿಗೂ ಸಾಲುವಷ್ಟು ಕೆಲಸವಿಲ್ಲದ್ದರಿಂದ ಅನೇಕ ಕುಶಲಕರ್ಮಿಗಳು ವೆನಿಸ್‌ನಂಥ ನಗರಗಳಿಗೆ ವಲಸೆ ಹೋಗಿ ಅಲ್ಲಿಯೇ ನೆಲೆಸಿದರು. ಬಹುಕಾಲ ಆಗ್ಸ್‌ಬುರ್ಗಿನ ಬಿಷಪ್ಪರ ಆಳ್ವಿಕೆಯಲ್ಲಿದ್ದ ಫ್ಯೂಸೆನ್, ಚರ್ಚಿನ ಸಂಸ್ಥಾನಗಳು ರದ್ದಾದ 1802–03ರ ಹೊತ್ತಿಗೆ ಬವೇರಿಯಾಕ್ಕೆ ಸೇರಿತು.

ಇಂದು ಪ್ರವಾಸಿಗರು ಅನಾದಿಯೆಂದು ಭಾವಿಸುವ ಹಸಿರು ಮಾತ್ರ ಅಷ್ಟೇನೂ ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಈ ಜಿಲ್ಲೆಯನ್ನೊಳಗೊಂಡ ಆಲ್‌ಗಾಯ್ ಸೀಮೆಯ ಹೊಲಗಳಲ್ಲಿ ಅಗಸೆ ಹೂಬಿಟ್ಟು ನೀಲಿಯಾಗಿರುತ್ತಿತ್ತು. ನಮ್ಮ ಉತ್ತರ ಕರ್ನಾಟಕದವರು ಬೀಜಕ್ಕಾಗಿ ಬೆಳೆದು ಚಟ್ನಿಪುಡಿ ಮಾಡುವ ಅಗಸೆಯನ್ನೇ ಅಲ್ಲಿನವರು ನಾರಿಗಾಗಿ ಬೆಳೆದು, ಚಳಿಗಾಲದಲ್ಲಿ ಮನೆಯಲ್ಲೇ ನೂತು ನೇಯುತ್ತಿದ್ದರು. ಗಿರಣಿಯ ಅಗ್ಗದ ಹತ್ತಿಬಟ್ಟೆ ಬಂದೊಡನೆ ಆ ಕಸುಬು ಕುಸಿಯಿತು. ಮಳೆ ಹೆಚ್ಚು, ಬೇಸಿಗೆ ಚಿಕ್ಕದು. ಧಾನ್ಯಕ್ಕೆ ಒಗ್ಗದ ಆ ನೆಲ ಹುಲ್ಲಿಗೆ ಹೇಳಿ ಮಾಡಿಸಿದಂತಿತ್ತು. ನೆರೆಯ ಓಬರ್‌ಆಲ್‌ಗಾಯ್‌ನಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಯೋಹಾನ್ ಆಲ್ಟ್‌ಹೌಸ್ ಎಮೆಂಟಾಲ್ ಚೀಸ್ ತಯಾರಿಸತೊಡಗಿದನು; ಕಾರ್ಲ್ ಹಿರ್ನ್‌ಬೈನ್ ಎಂಬ ಜಮೀನುದಾರ ಲಿಂಬುರ್ಗರ್ ಚೀಸನ್ನು ರೂಢಿಗೆ ತಂದನು. ಹಾಲು ಬೇಗ ಕೆಡುತ್ತದೆ, ಚೀಸ್ ದೂರದ ಪೇಟೆಯವರೆಗೂ ತಾಳುತ್ತದೆ ಎಂಬುದೇ ಈ ಬದಲಾವಣೆಯ ಹಿಂದಿನ ಲೆಕ್ಕಾಚಾರವಾಗಿತ್ತು.

ಚೆಲ್ಲಾಪಿಲ್ಲಿಯಾಗಿದ್ದ ತುಂಡು ಹೊಲಗಳನ್ನು ರೈತರು ಪರಸ್ಪರ ಬದಲಾಯಿಸಿಕೊಂಡು, ಊರಿನ ಮನೆ ಬಿಟ್ಟು ಒಟ್ಟುಗೂಡಿದ ಜಮೀನಿನ ನಡುವೆಯೇ ಮನೆ ಕಟ್ಟಿಕೊಳ್ಳುವ ಪದ್ಧತಿ ಕೆಂಪ್ಟನ್ ಮಠದ ಸಂಸ್ಥಾನದಲ್ಲಿ ಹದಿನಾರನೆಯ ಶತಮಾನದಲ್ಲೇ ಶುರುವಾಗಿ ಸುತ್ತಲೂ ಹಬ್ಬಿತ್ತು. ಮನೆಯ ಸುತ್ತಲೇ ಮೇವು ಸಿಗುವ ಈ ಏರ್ಪಾಡು ಹೈನುಗಾರಿಕೆಗೆ ಎಷ್ಟು ಅನುಕೂಲವಾಯಿತೆಂಬುದನ್ನು ಹೇಳಬೇಕಾಗಿಲ್ಲ. ಅರಮನೆಯ ಫೋಟೊ ತೆಗೆಯುವವರು ಈ ಒಂಟಿಮನೆಗಳನ್ನು ಗಮನಿಸುವುದು ಅಪರೂಪ.

ಹುಲ್ಲು ಕೊಯ್ಯುವ ಅಗತ್ಯವೇ ಮುಂದೆ ಜಿಲ್ಲೆಗೆ ಕಾರ್ಖಾನೆಯನ್ನೂ ತಂದಿತು. ಇಂದು ಜಿಲ್ಲಾಕೇಂದ್ರವಾಗಿರುವ ಮಾರ್ಕ್ಟ್‌ಓಬರ್‌ಡಾರ್ಫ್‌ನಲ್ಲಿ ಫೆಂಟ್ ಕುಟುಂಬದವರು 1930ರ ಸುಮಾರಿಗೆ ತಯಾರಿಸಿದ, ‘ಡೀಸೆಲ್ ಕುದುರೆ’ ಎಂದು ಹೆಸರಿಟ್ಟ, ಆರು ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಅಲಗನ್ನೂ ಜೋಡಿಸಲಾಗಿತ್ತು. ಆ ಸಂಸ್ಥೆ ಈಗ ಅಮೆರಿಕದ ಕಂಪನಿಯೊಂದರ ಒಡೆತನದಲ್ಲಿದ್ದರೂ ಅದರ ಟ್ರ್ಯಾಕ್ಟರುಗಳು ಅದೇ ಊರಿನಲ್ಲಿ ತಯಾರಾಗುತ್ತಿವೆ.